ದಿನಾ ಕಟ್ಟಲು ಒಂದೇ ವಾಚ್: ಸೀಕೊ ಫ್ಲೈಟ್‌ಮಾಸ್ಟರೋ, ಓರಿಯಂಟ್ ಬ್ಯಾಂಬಿನೊನೋ?

ವಿಜಯಪುರದಿಂದ ಬಬಲೇಶ್ವರಕ್ಕೆ ದಿನಾ ಬೈಕ್, ಅಲ್ಲಿ ಹೈಸ್ಕೂಲಿನಲ್ಲಿ ಪಾಠ, ಮುಂದೆ ತಂಗಿಯ ಮದುವೆ, ಕೊಳ್ಳುವುದು ಮಾತ್ರ ಒಂದೇ ವಾಚ್ ಅಂದಿದ್ದೀರಿ. ಹಾಗಿದ್ದರೆ ಫ್ಲೈಟ್‌ಮಾಸ್ಟರ್ ತಗೊಳ್ಳಿ ಮಾಸ್ತರೇ. ನನ್ನ ಹತ್ತಿರ ಎರಡೂ ಇವೆ: ಫ್ಲೈಟ್‌ಮಾಸ್ಟರ್ ಸೆಲ್ ಮೇಲೆ ಓಡುವ, ಸ್ಟಾಪ್‌ವಾಚೂ ಇರುವ ಪೈಲಟ್ ಮಾದರಿಯ ವಾಚು, ಬ್ಯಾಂಬಿನೊ ಚರ್ಮದ ಬೆಲ್ಟಿನ ಅಲಂಕಾರದ ವಾಚು. ಹೆಚ್ಚು ಪ್ರೀತಿ ಬ್ಯಾಂಬಿನೊ ಮೇಲೆಯೇ. ಆದರೂ ನಿಮಗೆ ಹೇಳುವುದು ಫ್ಲೈಟ್‌ಮಾಸ್ಟರನ್ನೇ.

ಮೊದಲ ಕಾರಣ ನಮ್ಮೂರ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿತೆಂದರೆ ಚರ್ಮದ ಬೆಲ್ಟ್ ಬೆವರು ಕುಡಿದು ಒಳಗೆಲ್ಲ ಕಪ್ಪಾಗುತ್ತದೆ, ಬಕಲ್ ಹಾಕುವ ತೂತಿನ ಹತ್ತಿರ ಬಿರುಕು ಬಿಡುತ್ತದೆ, ವಾಸನೆ ಬೇರೆ. ಬ್ಯಾಂಬಿನೊ ನೀರು ತಡೆಯುವುದು 30 ಮೀಟರ್ ಎಂದು ಬರೆದಿರುತ್ತಾರೆ. ಕೈ ತೊಳೆಯುವಾಗ ಸಿಡಿದ ಹನಿಗೆ ಸಾಕು, ಬೈಕ್ ಮೇಲೆ ನೆನೆಯುವವರಿಗೆ ಅಲ್ಲ. ಫ್ಲೈಟ್‌ಮಾಸ್ಟರ್‌ದು 200 ಮೀಟರ್, ಮೇಲೆ ಸ್ಟೀಲ್ ಚೈನು. ಒಂದೇ ಎಚ್ಚರಿಕೆ: ಸೆಲ್ ಹಾಕಿಸುವಾಗ ಹಿಂದಿನ ಮುಚ್ಚಳದ ರಬ್ಬರ್ ರಿಂಗ್ ನೋಡಿ ಕೂರಿಸುವವರ ಹತ್ತಿರವೇ ಹಾಕಿಸಿ. ಅದು ಸರಿ ಕೂರದಿದ್ದರೆ 200 ಅನ್ನುವುದು ಬರೀ ಬರಹ.

ಎರಡನೆಯದು ಟೈಮು. ಬ್ಯಾಂಬಿನೊ ಆಟೋಮ್ಯಾಟಿಕ್, ಅಂದರೆ ಸೆಲ್ ಇಲ್ಲದೆ ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವುದು. ದಿನಕ್ಕೆ 25 ಸೆಕೆಂಡ್ ಮುಂದೆ ಅಥವಾ 15 ಸೆಕೆಂಡ್ ಹಿಂದೆ ಹೋದರೂ ಕಂಪನಿ ಲೆಕ್ಕದಲ್ಲಿ ಸರಿಯೇ. ಪೂರ್ತಿ ಕೀ ತುಂಬಿದರೆ ಸುಮಾರು 40 ತಾಸು ಓಡುತ್ತದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತೆಗೆದಿಟ್ಟರೆ ಸೋಮವಾರ ಬೆಳಗ್ಗೆ ನಿಂತಿರುತ್ತದೆ. ಪ್ರಾರ್ಥನೆಗೆ ಓಡುವ ಹೊತ್ತಿನಲ್ಲಿ ಟೈಮು, ತಾರೀಖು ತಿದ್ದುತ್ತ ಕೂರುವ ತಾಳ್ಮೆ ಇದ್ದರೆ ಸರಿ. ಸೆಲ್ಲಿನ ಫ್ಲೈಟ್‌ಮಾಸ್ಟರ್‌ಗೆ ಈ ರಗಳೆ ಇಲ್ಲ.

ಫ್ಲೈಟ್‌ಮಾಸ್ಟರ್‌ನ ಕ್ರೋನೋಗ್ರಾಫಿನಲ್ಲೂ, ಅಂದರೆ ಸ್ಟಾಪ್‌ವಾಚಿನಲ್ಲೂ, ಕಿರಿಕಿರಿ ಇದೆ. ನಡುವಿನ ಉದ್ದ ಮುಳ್ಳು ಸ್ಟಾಪ್‌ವಾಚಿನದು. ಒತ್ತುವವರೆಗೂ 12ರ ಮೇಲೆ ಸುಮ್ಮನೆ ನಿಂತಿರುತ್ತದೆ. ಸೆಕೆಂಡ್ ಮುಳ್ಳು ಓಡುವುದು ಪುಟ್ಟ ಡಯಲಿನಲ್ಲಿ. ನೋಡಿದವರೆಲ್ಲ "ನಿಮ್ಮ ವಾಚ್ ನಿಂತೈತ್ರಿ" ಅನ್ನುತ್ತಾರೆ. ಡಯಲೂ ಸಂತೆಯಂತೆ ಗಿಜಿಗಿಜಿ.

ಆದರೆ ಸುತ್ತಲಿನ ತಿರುಗುವ ರಿಂಗು ನಿಮ್ಮಂಥವರಿಗೆ ಒಳ್ಳೆಯ ಆಟಿಕೆ. 1950ರ ದಶಕದಲ್ಲಿ ಬ್ರೈಟ್ಲಿಂಗ್ ಕಂಪನಿಯ ನ್ಯಾವಿಟೈಮರ್ ವಾಚ್ ಪೈಲಟ್‌ಗಳ ಕೈಗೆ ಕೊಟ್ಟ ಸ್ಲೈಡ್ ರೂಲ್, ಅಂದರೆ ಅಂಕಿಗಳನ್ನು ಎದುರುಬದುರು ತಂದು ಗುಣಾಕಾರ ಭಾಗಾಕಾರ ಮಾಡುವ ಪಟ್ಟಿ, ಇದೇ. 350 ಕಿ.ಮೀ.ಗೆ 7 ಲೀಟರ್ ಪೆಟ್ರೋಲ್ ಹಿಡಿಯಿತು ಅನ್ನಿ. ಸೊನ್ನೆಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊರಗಿನ 35ನ್ನು ಒಳಗಿನ 70ರ ಎದುರು ತನ್ನಿ. ಒಳಗಿನ 10ರ ಎದುರು 50 ನಿಂತಿರುತ್ತದೆ, ಲೀಟರಿಗೆ 50 ಕಿ.ಮೀ. ಅಂಕಿಗಳು ಸಣ್ಣವು, ಚಾಳೀಸು ಬಂದವರಿಗೆ ಕಷ್ಟ. ಮಿಂಚು ಕಂಡಾಗ ಬಟನ್ ಒತ್ತಿ ಗುಡುಗು ಕೇಳಿದಾಗ ನಿಲ್ಲಿಸಿದರೆ, ಪ್ರತಿ 3 ಸೆಕೆಂಡಿಗೆ ಹೆಚ್ಚುಕಡಿಮೆ 1 ಕಿ.ಮೀ. ದೂರ. ಇದೇ ಹುರುಪಿನಲ್ಲಿ ಮಕ್ಕಳನ್ನು ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಕರೆದೊಯ್ಯಬೇಡಿ: ಒಳಗಿನ ಅಗಲ ಸುಮಾರು 38 ಮೀಟರ್, ಸದ್ದು ಅಷ್ಟು ದಾಟಲು 0.11 ಸೆಕೆಂಡ್ ಸಾಕು, ಈ ವಾಚ್ ಅಳೆಯುವುದೇ ಸೆಕೆಂಡಿನ ಐದನೇ ಒಂದು ಭಾಗ.

ಇನ್ನು ಮದುವೆ. ರೇಷ್ಮೆ ಅಂಗಿಯ ತೋಳಿನಡಿ ಬ್ಯಾಂಬಿನೊದ ಉಬ್ಬು ಗಾಜು ಓರೆಯಾಗಿ ಬೆಳಕು ಹಿಡಿದಾಗ ಅಂಚಿನ ಗೆರೆಗಳು ಬಾಗಿದಂತೆ ಕಾಣುತ್ತವೆ. ಆ ಚೆಂದ ಫ್ಲೈಟ್‌ಮಾಸ್ಟರ್‌ಗೆ ಬರುವುದಿಲ್ಲ ಬಿಡಿ. ಅದಕ್ಕೆ ಮನೆಯಲ್ಲಿ ಅಪ್ಪನದೋ ಅಜ್ಜನದೋ ಎಚ್‌ಎಂಟಿ ಜನತಾ ಇದ್ದರೆ ಹುಡುಕಿ, ಸರ್ವಿಸ್ ಮಾಡಿಸಿ ಅವತ್ತು ಕಟ್ಟಿ. ಇಲ್ಲವೆಂದು ಆನ್‌ಲೈನಿನಲ್ಲಿ ಕೊಳ್ಳಹೋದರೆ, ಬಣ್ಣಬಣ್ಣದ ಡಯಲಿನ ಎಚ್‌ಎಂಟಿ ಪೈಲಟ್, ಜನತಾಗಳಲ್ಲಿ ಬಹಳಷ್ಟು ಹಳೆಯ ಮಶೀನಿಗೆ ಹೊಸ ಬಣ್ಣ ಬಳಿದವು. ಕೊಳ್ಳುವ ಮೊದಲು ಹಿಂಬದಿ ತೆರೆದ ಫೋಟೋ ಕೇಳಿ, ಕಳಿಸದಿದ್ದರೆ ಬಿಟ್ಟುಬಿಡಿ.