ಉಪಚುನಾವಣೆಗೆ ಬೆಂಗಳೂರಿನಿಂದ ಊರಿಗೆ ಹೋಗಿ ವೋಟ್ ಹಾಕಬೇಕಾ?

ನೀವು ಕೇಳಿರುವುದು ಇಷ್ಟು. ನಿಮ್ಮ ಊರಿನ ಶಾಸಕರು ರಾಜೀನಾಮೆ ಕೊಟ್ಟು, ಪಕ್ಷ ಬದಲಿಸಿ, ಅದೇ ಕ್ಷೇತ್ರದಲ್ಲಿ ಮತ್ತೆ ನಿಂತಿದ್ದಾರೆ. ಉಪಚುನಾವಣೆ ಅಂದರೆ ಹೇಗೂ ಆಡಳಿತ ಪಕ್ಷವೇ ಗೆಲ್ಲೋದು. ಬೆಂಗಳೂರಿನಲ್ಲಿ ಕೆಲಸ ಮಾಡುವ ನಿಮಗೆ ಅವತ್ತು ರಜೆಯೂ ಇಲ್ಲ. ಹಾಗಿದ್ದಾಗ ಬಸ್ಸು ಹತ್ತಿ ಹೋಗಿ ಒಂದು ವೋಟ್ ಹಾಕಿ ಏನು ಪ್ರಯೋಜನ?

ಹೋಗಿ. ದಯವಿಟ್ಟು ಹೋಗಿ. ನಾನು ಸಿಂಧನೂರು ಕಡೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹತ್ತಾರು ಚುನಾವಣೆಗಳಲ್ಲಿ ಡ್ಯೂಟಿ ಮಾಡಿದ್ದೇನೆ. ವಿಧಾನಸಭೆ ಚುನಾವಣೆಯಲ್ಲಿ ನಮ್ಮನ್ನು ನಮ್ಮ ಕ್ಷೇತ್ರಕ್ಕೆ ಹಾಕುವುದಿಲ್ಲ, ಪಕ್ಕದ್ದಕ್ಕೆ ಕಳಿಸುತ್ತಾರೆ. ಹಾಗಾಗಿ ಮಸ್ಕಿ ಕ್ಷೇತ್ರದಲ್ಲಿ ಎರಡು ಸಲ ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಆಗಿ ಕೂತಿದ್ದೆ. 2018ರ ಸಾರ್ವತ್ರಿಕ ಚುನಾವಣೆಯಲ್ಲಿ ಒಮ್ಮೆ, 2021ರ ಉಪಚುನಾವಣೆಯಲ್ಲಿ ಇನ್ನೊಮ್ಮೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಮಸ್ಕಿಯೇ.

2018ರ ಮೇ 12. ಹಿಂದಿನ ದಿನ ಮಸ್ಟರಿಂಗ್ (ಸಿಬ್ಬಂದಿಯೆಲ್ಲ ಸೇರಿ ಸಾಮಾನು ಪಡೆಯುವ ಕೆಲಸ) ಮುಗಿಸಿ, ಮತಯಂತ್ರ ಹೊತ್ತುಕೊಂಡು, ಸರ್ಕಾರಿ ಬಸ್ಸಿನಲ್ಲಿ ಹಳ್ಳಿಗೆ ಹೋದೆವು. ರಾತ್ರಿ ಶಾಲೆಯ ಬೆಂಚು ಜೋಡಿಸಿಕೊಂಡು ಮಲಗಿದೆವು. ಬೆಳಿಗ್ಗೆ ಅಣಕು ಮತದಾನ ಮುಗಿಸಿ ಏಳಕ್ಕೆ ಶುರು ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿತು. ಮತದಾರರ ಪಟ್ಟಿ ತಿರುವಿ ನೋಡಿದರೆ ಒಂದೊಂದು ಪುಟದಲ್ಲೂ ಗುರುತು ಬೀಳದ ಹೆಸರುಗಳು. ಗಂಡ, ಹೆಂಡತಿ, ಮಗ, ಸೊಸೆ, ಮನೆಗೆ ಮನೆಯೇ ಖಾಲಿ. ಪಕ್ಷಗಳ ಏಜೆಂಟರನ್ನು ಕೇಳಿದೆ. "ಗುಳೇ ಹೋಗ್ಯಾರ್ರಿ ಸರ, ಬೆಂಗಳೂರಾಗ ಅದಾರ" ಅಂದರು. ರಾಯಚೂರು ಕಡೆಯವರಿಗೆ ಗುಳೆ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸ ಇರುವುದಿಲ್ಲ. ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ.

ಸಂಜೆ ಆರಕ್ಕೆ ಗೇಟು ಹಾಕಿಸಬೇಕು. ಆಗ ಸಾಲಿನಲ್ಲಿ ಇರುವವರಿಗೆಲ್ಲ ಪಿಆರ್‌ಓ ಸಹಿ ಮಾಡಿದ ಚೀಟಿ ಕೊಡುತ್ತಾನೆ. ಕೊನೆಯಲ್ಲಿ ನಿಂತವನಿಂದ ಶುರು ಮಾಡಿ ಮುಂದಕ್ಕೆ ಬರಬೇಕು, ಹಿಂದೆ ಯಾರೂ ಹೊಸದಾಗಿ ಸೇರಬಾರದು ಅಂತ. ಚೀಟಿ ಕೊಟ್ಟು ಮುಗಿದು ಹತ್ತು ನಿಮಿಷ ಆಗಿರಬಹುದು. ಒಂದು ಟೆಂಪೊ ಬಂದು ನಿಂತಿತು. ಬೆಂಗಳೂರಿನಿಂದ ಬಂದವರು. ದಾರಿಯಲ್ಲಿ ಗಾಡಿ ಕೆಟ್ಟಿತ್ತಂತೆ. ಹನ್ನೊಂದು ಜನ, ಕೈಯಲ್ಲಿ ವೋಟರ್ ಕಾರ್ಡು. ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಗೇಟಿನ ಸರಳು ಹಿಡಿದು ನಿಂತಳು. ನಾನು ಆಗುವುದಿಲ್ಲ ಅಂದೆ. ನಿಯಮ ಅದು, ಸರಿಯಾದ ನಿಯಮವೇ. ಆದರೂ ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಮೂರು ದಿನದ ಮೇಲೆ ಎಣಿಕೆ ಆಯಿತು. ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದರು. ಅಂತರ 213 ಮತ. ಆ ಕ್ಷೇತ್ರದಲ್ಲಿ ಸುಮಾರು ಎರಡು ಲಕ್ಷ ಮತದಾರರಿದ್ದಾರೆ, ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿವೆ. ಅಂದರೆ ಹೆಚ್ಚುಕಡಿಮೆ ಮತಗಟ್ಟೆಗೆ ಒಂದೇ ಒಂದು ಮತ. ನಾನು ಗೇಟಿನಾಚೆ ನಿಲ್ಲಿಸಿದ್ದು ಹನ್ನೊಂದು ಜನರನ್ನು. ಒಂದು ವೋಟ್‌ನಿಂದ ಏನಾಗುತ್ತೆ ಅಂತ ಕೇಳಿದಿರಲ್ಲ, ಈ ಲೆಕ್ಕ ನೋಡಿ. ಇನ್ನೂ ಸಾಲದು ಅಂದರೆ 2004ರ ಸಂತೇಮರಹಳ್ಳಿ ಇದೆ. ಅಲ್ಲಿ ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಮೇಲೆ ಗೆದ್ದದ್ದು ಒಂದೇ ಮತದಿಂದ.

ಮುಂದಿನ ಕಥೆ ನಿಮ್ಮ ಕ್ಷೇತ್ರದ್ದೇ ಅನ್ನಬಹುದು. 2019ರ ಜುಲೈನಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ 99–105 ಮತಗಳಿಂದ ಬಿತ್ತು. ಸರ್ಕಾರದ ಕೈಬಿಟ್ಟ 17 ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹ ಮಾಡಿದರು. ಅವರಲ್ಲಿ ಪ್ರತಾಪಗೌಡರೂ ಒಬ್ಬರು. ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಇವರು ಮತ್ತೆ ನಿಲ್ಲುವ ಹಾಗಿಲ್ಲ ಅಂತಲೂ ಸ್ಪೀಕರ್ ಹೇಳಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ನಿಲ್ಲಬಾರದು ಅನ್ನುವ ಭಾಗವನ್ನು ತೆಗೆದುಹಾಕಿತು. ಕೊನೆಯ ತೀರ್ಪು ಮತದಾರರ ಕೈಗೆ ಬಂತು.

ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ಆಯಿತು. ಆಡಳಿತದಲ್ಲಿದ್ದ ಬಿಜೆಪಿ 12 ಗೆದ್ದಿತು. ಇಲ್ಲಿಗೆ ನಿಮ್ಮ ಮಾತು ಸರಿ. ಪಕ್ಷ ಬಿಟ್ಟು ಬಂದವರಲ್ಲಿ ಬಹಳ ಜನ ಗೆದ್ದರು. ಆದರೂ ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು, ಹುಣಸೂರಿನಲ್ಲಿ ಎಚ್. ವಿಶ್ವನಾಥ್ ಸೋತರು. ಆಮೇಲೆ ಇಬ್ಬರೂ ವಿಧಾನ ಪರಿಷತ್ತಿಗೆ ಬಂದರು. ನಾಗರಾಜ್ ಮಂತ್ರಿಯೂ ಆದರು. ಜನ ಬೇಡ ಅಂದವರನ್ನು ಇನ್ನೊಂದು ಬಾಗಿಲಿನಿಂದ ಕರೆದುಕೊಳ್ಳುವುದು ಕಾನೂನಿಗೆ ಸರಿ ಇರಬಹುದು. ನನಗೆ ಮಾತ್ರ ಅದು ಮತದಾರರಿಗೆ ಮಾಡಿದ ಅವಮಾನ.

ಅವತ್ತು ಮಸ್ಕಿಯಲ್ಲಿ ಮತದಾನ ಆಗಲಿಲ್ಲ. ಸೀಟು ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಮಾಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಕಾಗಿಲ್ಲ. ಆದರೆ ಮಸ್ಕಿಯ 2018ರ ಫಲಿತಾಂಶವೇ ಹೈಕೋರ್ಟಿನಲ್ಲಿತ್ತು. ರಾಜರಾಜೇಶ್ವರಿ ನಗರದ್ದೂ ಅದೇ ಕಥೆ. ಹಾಗಾಗಿ ಎರಡನ್ನೂ ಬಿಟ್ಟು ಉಳಿದ ಕಡೆ ಚುನಾವಣೆ ಮಾಡಿದರು. ಮಸ್ಕಿಯ ಜನ ಒಂದೂಮುಕ್ಕಾಲು ವರ್ಷ ಶಾಸಕರಿಲ್ಲದೆ ಕೂತರು.

ಕೊನೆಗೆ 2021ರ ಏಪ್ರಿಲ್ 17ಕ್ಕೆ ದಿನ ನಿಗದಿಯಾಯಿತು. ಈಗ ಇಬ್ಬರೂ ಪಕ್ಷ ಅದಲು ಬದಲು. ಪ್ರತಾಪಗೌಡರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೊನೆಗೆ ಗೆದ್ದ ತುರ್ವಿಹಾಳರೂ ಪಕ್ಷ ಬದಲಿಸಿದವರೇ. ಆದರೆ ಅವರು ಜನ ಆರಿಸಿ ಕಳಿಸಿದ ಸೀಟನ್ನು ಬಿಟ್ಟು ಹೋದವರಲ್ಲ. ನನ್ನ ಕಣ್ಣಿಗೆ ಇವೆರಡೂ ಬೇರೆ ಬೇರೆ.

ಸರ್ಕಾರದ ಶಕ್ತಿಯೆಲ್ಲ ಅಲ್ಲಿತ್ತು. ಮಂತ್ರಿಗಳು ಬೀಡುಬಿಟ್ಟಿದ್ದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಮಗ ವಿಜಯೇಂದ್ರ ಅಲ್ಲೇ ಉಳಿದು ಬಿಜೆಪಿಯ ಪ್ರಚಾರ ನೋಡಿಕೊಳ್ಳುತ್ತಿದ್ದರು. ಕೆ.ಆರ್. ಪೇಟೆ, ಶಿರಾ ಎರಡನ್ನೂ ಗೆಲ್ಲಿಸಿಕೊಂಡು ಬಂದ ಹೆಸರು ಅವರಿಗಿತ್ತು. ಇನ್ನೊಂದು ಕಡೆ 5ಎ ಕಾಲುವೆಯ ನೀರಿಗಾಗಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು.

ಕೋವಿಡ್ ಎರಡನೇ ಅಲೆ ಏರುತ್ತಿದ್ದ ಹೊತ್ತು. ಬಂದವರ ಹಣೆಗೆಲ್ಲ ಥರ್ಮಲ್ ಸ್ಕ್ಯಾನರ್ ಹಿಡಿದು, ಕೈಗೆ ಗ್ಲೌಸ್ ಕೊಟ್ಟು ಒಳಗೆ ಬಿಡುತ್ತಿದ್ದೆವು. ನನ್ನ ತಂಡದಲ್ಲಿದ್ದ ಒಬ್ಬ ಮೇಷ್ಟ್ರು ಮುಂದಿನ ತಿಂಗಳು ಕೋವಿಡ್‌ನಿಂದಲೇ ತೀರಿಕೊಂಡರು. ಅಲ್ಲಿಂದಲೇ ಅಂಟಿತು ಅಂತ ನಾನು ಹೇಳಲಾರೆ. ಆದರೆ ಅವತ್ತು ಸಂಜೆ ಅವರು ಪಟ್ಟಿ ಎಣಿಸುತ್ತಾ "ಸರ, ಈ ಸಲ ಗುಳೇದವರೂ ಬಂದಾರ್ರೀ" ಅಂತ ಖುಷಿಯಿಂದ ಅಂದದ್ದು ಮರೆಯುವುದಿಲ್ಲ.

ಮೇ 2ರಂದು ಎಣಿಕೆ ಆಯಿತು. 213ರಿಂದ ಸೋತಿದ್ದ ತುರ್ವಿಹಾಳರು 30 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಅದೇ ದಿನ ಬಸವಕಲ್ಯಾಣವೂ ಬೆಳಗಾವಿ ಲೋಕಸಭೆಯೂ ಆಡಳಿತ ಪಕ್ಷಕ್ಕೆ ಹೋದವು. ಅಂದರೆ ರಾಜ್ಯದಲ್ಲೆಲ್ಲ ಸರ್ಕಾರದ ವಿರುದ್ಧ ಗಾಳಿ ಬೀಸಿತ್ತು ಅನ್ನುವ ಹಾಗಿಲ್ಲ. ಮಸ್ಕಿಯವರು ಮಸ್ಕಿಯ ಲೆಕ್ಕವನ್ನೇ ಚುಕ್ತಾ ಮಾಡಿದರು.

2019ರಲ್ಲಿ ಹಾಗೆ, 2021ರಲ್ಲಿ ಹೀಗೆ ಯಾಕೆ? ನನಗೆ ಅನಿಸಿದ್ದು ಇದು. 2019ರಲ್ಲಿ ಸರ್ಕಾರ ಉಳಿಯಬೇಕಾದರೆ ಆ 15ರಲ್ಲಿ ಕನಿಷ್ಠ 6 ಗೆಲ್ಲಲೇಬೇಕಿತ್ತು. ಮತ್ತೆ ಸರ್ಕಾರ ಬಿದ್ದು ಮತ್ತೆ ಚುನಾವಣೆ ಯಾರಿಗೆ ಬೇಕು ಅಂತ ಜನ ಯೋಚಿಸಿದರು. 2021ರಲ್ಲಿ ಮಸ್ಕಿ ಯಾರ ಕಡೆ ವಾಲಿದರೂ ಮುಖ್ಯಮಂತ್ರಿ ಕುರ್ಚಿ ಅಲುಗಾಡುವ ಹಾಗಿರಲಿಲ್ಲ. ಆಗ ಮತದಾರನ ಮುಂದೆ ಉಳಿಯುವುದು ಒಂದೇ ಪ್ರಶ್ನೆ. ಈ ಮನುಷ್ಯ ನಮಗೆ ಮಾಡಿದ್ದು ಸರಿಯಾ? ಸಾರ್ವತ್ರಿಕ ಚುನಾವಣೆಯಲ್ಲಿ ಈ ಪ್ರಶ್ನೆ ಯಾರು ಮುಖ್ಯಮಂತ್ರಿ, ಯಾವ ಪಕ್ಷ, ಯಾವ ಜಾತಿ ಅನ್ನುವ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಉಪಚುನಾವಣೆಯಲ್ಲಿ ಮಾತ್ರ ಅದು ಬಿಡಿಯಾಗಿ ಎದುರಿಗೆ ಬರುತ್ತದೆ. ನಿಮ್ಮ ಶಾಸಕರು ಮಾಡಿದ್ದು ಸರಿ ಅಂತ ನಿಮಗೆ ಅನಿಸಿದರೆ ಅವರಿಗೇ ಹಾಕಿ. ಮಂತ್ರಿಯಾಗಿ ಊರಿಗೆ ಕೆಲಸ ತರುತ್ತಾರೆ ಅಂತ ನಂಬುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಉತ್ತರ ಕೊಡದೆ ಸುಮ್ನೆ ಬೆಂಗಳೂರಿನಲ್ಲಿ ಕೂರಬೇಡಿ. ದೂರದಲ್ಲಿರುವವರು ಬರದಿದ್ದರೆ ಲಾಭ ಯಾರಿಗೆ ಹೇಳಿ? ಮನೆ ಮನೆಗೆ ದುಡ್ಡು ಮುಟ್ಟಿಸುವವರಿಗೆ. ನೀವು ಅವರ ಕೈಗೆ ಸಿಗದವರು, ಅಲ್ವಾ?

ಇನ್ನು ರಜೆಯ ವಿಷಯ. ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಉಪಚುನಾವಣೆಯಲ್ಲಿ ಇಡೀ ರಾಜ್ಯಕ್ಕೆ ಸಾರ್ವತ್ರಿಕ ರಜೆ ಕೊಡುವುದಿಲ್ಲ, ಅದಕ್ಕೇ ಬೆಂಗಳೂರಿನ ಕಂಪನಿಗಳು ರಜೆ ಇಲ್ಲ ಅನ್ನುತ್ತವೆ. ಆದರೆ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ, ಮತ ಇರುವ ಉದ್ಯೋಗಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಕ್ಷೇತ್ರದ ಹೊರಗೆ ಕೆಲಸ ಮಾಡುವವರಿಗೂ ಇದು ಸಿಗುತ್ತದೆ. ದಿನಗೂಲಿಯವರಿಗೂ ಸಿಗುತ್ತದೆ. ಆ ಉದ್ಯೋಗಿ ಇಲ್ಲದಿದ್ದರೆ ಅಪಾಯ ಅಥವಾ ದೊಡ್ಡ ನಷ್ಟ ಆಗುವಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಕೊಡದ ಮಾಲೀಕರಿಗೆ ದಂಡ ಬರೀ 500 ರೂಪಾಯಿವರೆಗೆ. ಇದನ್ನು ಜಾಸ್ತಿ ಮಾಡಲೇಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ನೀವು ಎಚ್‌ಆರ್‌ಗೆ ಈಗಲೇ ಮೇಲ್ ಹಾಕಿ. ಕಲಂ ಸಂಖ್ಯೆ ಬರೆಯಿರಿ, ನಿಮ್ಮ ವೋಟರ್ ಕಾರ್ಡಿನ ಪ್ರತಿ ಜೊತೆಗಿಡಿ. ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕ ಕಟ್ಟಡ ಏಳುತ್ತಿದ್ದರೆ, ಅಲ್ಲಿ ನಿಮ್ಮ ಕಡೆಯವರಿದ್ದರೆ, ಅವರ ಮೇಸ್ತ್ರಿಗೂ ಇದನ್ನು ಹೇಳಿ.

ಪಟ್ಟಿಯಲ್ಲಿ ಹೆಸರಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೂ ಆಗುತ್ತದೆ. ನಾಮಪತ್ರದ ಕೊನೆಯ ದಿನ ದಾಟಿದರೆ ಹೊಸದಾಗಿ ಸೇರಿಸುವುದಿಲ್ಲ. ಬೆಂಗಳೂರಿನಲ್ಲೇ ಕಾಯಂ ಆಗಿ ನೆಲೆಸಿದ್ದರೆ ಚುನಾವಣೆ ಮುಗಿದ ಮೇಲೆ ಫಾರಂ 8 ಕೊಟ್ಟು ಹೆಸರನ್ನು ಅಲ್ಲಿಗೇ ತರಿಸಿಕೊಳ್ಳಿ. ಎರಡು ಕಡೆ ಇರಬಾರದು.

ಮತ್ತೆ, ಹಿಂದಿನ ರಾತ್ರಿಯ ಬಸ್ಸಿಗೇ ಹತ್ತಿ. ಮತದಾನದ ಬೆಳಿಗ್ಗೆ ಹೊರಡೋಣ ಅಂದುಕೊಳ್ಳಬೇಡಿ. ದಾರಿಯಲ್ಲಿ ಗಾಡಿ ಕೆಟ್ಟರೆ ಗೇಟಿನ ಈಚೆ ನಿಂತ ಮೇಷ್ಟ್ರಿಗೂ ಏನೂ ಮಾಡಲು ಆಗುವುದಿಲ್ಲ.