ಹಳೆ ಬೀಟಲ್ ಕಾರಿನ ಫ್ಯಾನನ್ನು ಇನ್ನೂ ಜೋರಾಗಿ ತಿರುಗಿಸಿದರೆ ಎಂಜಿನ್ ತಂಪಾಗುತ್ತದೆಯೇ?

ಸ್ವಲ್ಪ ಆಗಬಹುದು, ಆದರೆ ಲಾಭಕ್ಕಿಂತ ಖರ್ಚೇ ಜಾಸ್ತಿ. ಎಂಜಿನ್ನನ್ನು ಗಾಳಿಯಿಂದಲೇ ತಂಪು ಮಾಡುವ ಈ ಫ್ಯಾನ್ ಬೆಲ್ಟ್ ಮೂಲಕ ಎಂಜಿನ್‌ನಿಂದಲೇ ತಿರುಗುತ್ತದೆ. ವೇಗ 2 ಪಟ್ಟಾದರೆ ಗಾಳಿಯೂ ಹೆಚ್ಚುಕಡಿಮೆ 2 ಪಟ್ಟು, ಆದರೆ ಅದು ನುಂಗುವ ಶಕ್ತಿ ಸುಮಾರು 8 ಪಟ್ಟು! ಅದನ್ನೂ ಎಂಜಿನ್ನೇ ಕೊಡಬೇಕು ಅಲ್ವಾ?

ಬೀಟಲ್ ತಯಾರಿಸಿದ ಫೋಕ್ಸ್‌ವ್ಯಾಗನ್ ಬೇರೆ ದಾರಿ ಹಿಡಿಯಿತು. 1971ರ ಮಾದರಿಯಲ್ಲಿ ಫ್ಯಾನನ್ನು ಅಗಲ ಮಾಡಿ, ಆಯಿಲ್ ಕೂಲರಿಗೆ (ಎಂಜಿನ್ ಆಯಿಲ್ ತಂಪು ಮಾಡುವ ಭಾಗ) ಬೇರೆಯೇ ಗಾಳಿದಾರಿ ಕೊಟ್ಟಿತು. ಅದಕ್ಕೂ ಮೊದಲು ಕೂಲರಿನ ಬಿಸಿಗಾಳಿ ನೇರ 3ನೇ ಸಿಲಿಂಡರಿಗೆ ಬಡಿಯುತ್ತಿತ್ತು.

ನೀವು ಮೊದಲು ಎಂಜಿನ್ ಸುತ್ತಲಿನ ತಗಡು, ರಬ್ಬರ್ ಸೀಲ್ ನೋಡಿ. ಸಂದಿಯಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ. ಪವರ್ ಹೆಚ್ಚಲಿ ಅಂತ ಯಾರಾದರೂ ಸಣ್ಣ ಕ್ರ್ಯಾಂಕ್ ಪುಲ್ಲಿ (ಫ್ಯಾನ್ ಬೆಲ್ಟನ್ನು ಎಳೆಯುವ ಎಂಜಿನ್ ಚಕ್ರ) ಹಾಕಿದ್ದರೆ ತೆಗೆಸಿಬಿಡಿ. ಅದು ಫ್ಯಾನನ್ನೇ ನಿಧಾನ ಮಾಡುತ್ತದೆ.