ಸಮಾಧಿಯ ಮಡಕೆ ನೋಡಿ ಮೂರು ಸಾವಿರ ವರ್ಷ ಹಿಂದಿನ ಬದುಕು ಹೇಗೆ ಗೊತ್ತಾಗುತ್ತದೆ?

ನಿಮ್ಮ ಪ್ರಶ್ನೆ ಹೀಗಿದೆ: "ಮೆಕ್ಸಿಕೋದ ತ್ಲಾತಿಲ್ಕೋ ಅನ್ನುವ ಕಡೆ ಸಿಕ್ಕ ಎರಡು ಮುಖದ ಮಣ್ಣಿನ ಗೊಂಬೆಗಳ ವಿಡಿಯೋ ನೋಡಿದೆ. ಆ ಜನ ಒಂದಕ್ಷರವನ್ನೂ ಬರೆದಿಟ್ಟಿಲ್ಲ. ಬರೀ ಮೂಳೆ, ಮಡಕೆ ಇಟ್ಟುಕೊಂಡು ಅವರ ಬಗ್ಗೆ ಇಷ್ಟೆಲ್ಲ ಹೇಗೆ ಹೇಳುತ್ತಾರೆ? ಎಲ್ಲ ಊಹೆ ತಾನೇ?"

ಊಹೆ ಇದೆ. ಆದರೆ ನೀವು ಅಂದುಕೊಂಡಷ್ಟು ಇಲ್ಲ. ಒಂದು ವಸ್ತು ಮಣ್ಣಿನೊಳಗೆ ಎಲ್ಲಿತ್ತು, ಯಾವುದರ ಪಕ್ಕ ಇತ್ತು, ಎಷ್ಟು ಆಳದಲ್ಲಿತ್ತು ಅಂತ ತೆಗೆಯುವಾಗಲೇ ಬರೆದಿಟ್ಟಿದ್ದರೆ ಊಹೆ ಕಡಿಮೆಯಾಗುತ್ತದೆ. ಬರೆದಿಡದಿದ್ದರೆ ವಸ್ತು ಎಷ್ಟೇ ಚೆನ್ನಾಗಿರಲಿ, ಊಹೆಯೇ ಜಾಸ್ತಿ. ನಾನು ಹಳೆಯ ಮಡಕೆ ಚೂರುಗಳನ್ನು ವಿಂಗಡಿಸುವ ಕೆಲಸ ಮಾಡುವವಳು. ಈ ಮಾತನ್ನು ಅರ್ಥ ಮಾಡಿಸಲು ತ್ಲಾತಿಲ್ಕೋಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಯಾಕೆಂದರೆ ಅಲ್ಲಿ ಎರಡೂ ಆಗಿದೆ.

ಈಗ ತ್ಲಾತಿಲ್ಕೋ ಅಂತ ಊರು ಕಾಣುವುದಿಲ್ಲ. ಮೆಕ್ಸಿಕೋ ಸಿಟಿಗೆ ಅಂಟಿಕೊಂಡಿರುವ ನೌಕಾಲ್ಪಾನ್ ನಗರದ ಕಟ್ಟಡಗಳ ಕೆಳಗೆ ಹೋಗಿಬಿಟ್ಟಿದೆ. ಕ್ರಿ.ಪೂ. 1200ರಿಂದ 900ರ ಸುಮಾರಿಗೆ ಅಲ್ಲಿ ದೊಡ್ಡ ಹಳ್ಳಿಯೊಂದಿತ್ತು. ಜನ ಜೋಳ ಬೆಳೆಯುತ್ತಿದ್ದರು, ಅಂದರೆ ನಮ್ಮ ಮೆಕ್ಕೆಜೋಳ. ಜಿಂಕೆ, ನೀರುಹಕ್ಕಿ, ನಾಯಿ ಮಾಂಸ ತಿನ್ನುತ್ತಿದ್ದರು. ಮುಂದೆ ಆ ಪ್ರದೇಶವನ್ನು ಆಳಿದ ಅಜ್ಟೆಕರು ಬರುವುದಕ್ಕೆ ಇನ್ನೂ ಎರಡು ಸಾವಿರ ವರ್ಷ ಇತ್ತು.

1930ರ ದಶಕದಲ್ಲಿ ಅಲ್ಲಿ ಇಟ್ಟಿಗೆ ಮಾಡುವವರು ಮಣ್ಣು ತೆಗೆಯುತ್ತಿದ್ದರು. ಗುದ್ದಲಿಗೆ ಗೊಂಬೆ, ಮಡಕೆ, ಮೂಳೆ ಸಿಗತೊಡಗಿದವು. ಮೂಳೆ ಬಿಸಾಡಿದರು. ಗೊಂಬೆ, ಮಡಕೆಗಳನ್ನು ಸಂಗ್ರಹಕಾರರು ಕೊಂಡರು. ಆ ಕೆಲಸಗಾರರನ್ನು ದೂರುವ ಮನಸ್ಸು ನನಗಿಲ್ಲ. ಇಟ್ಟಿಗೆ ಮಾರಿ ಹೊಟ್ಟೆ ಹೊರೆಯುವವರಿಗೆ ಒಂದು ಗೊಂಬೆಗೆ ಯಾರೋ ದುಡ್ಡು ಕೊಡುತ್ತಾರೆ ಅಂದರೆ ಯಾರು ಬಿಡುತ್ತಾರೆ? ಆದರೆ ನಷ್ಟ ಆದದ್ದು ನಿಜ. ಸಾವಿರಾರು ಗೊಂಬೆಗಳು ಯಾವ ಸಮಾಧಿಯವು, ಗಂಡಿನ ಪಕ್ಕ ಇದ್ದವೋ ಹೆಣ್ಣಿನ ಪಕ್ಕ ಇದ್ದವೋ, ಕಸದ ಗುಂಡಿಯಲ್ಲಿ ಬಿದ್ದಿದ್ದವೋ ಅನ್ನುವುದೆಲ್ಲ ಅಲ್ಲಿಗೇ ಹೋಯಿತು. ಬೆಲೆ ಬಂತು ಅಂದಮೇಲೆ ನಕಲಿಗಳೂ ಬಂದವು.

ಹೀಗೆ ಕೊಂಡವರಲ್ಲಿ ಮಿಗೆಲ್ ಕೊವಾರುಬಿಯಾಸ್ ಒಬ್ಬರು. ಚಿತ್ರಕಾರರು, ಅಮೆರಿಕದ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದು ಹೆಸರು ಮಾಡಿದವರು. ಈ ಗೊಂಬೆಗಳನ್ನು ಸುಮ್ನೆ ಕೊಂಡು ಇಟ್ಟುಕೊಳ್ಳುವುದು ಅವರಿಗೆ ಸಾಕಾಗಲಿಲ್ಲ. 1942ರಲ್ಲಿ ಸರಿಯಾದ ಉತ್ಖನನ ಶುರುವಾಯಿತು. 1947ರ ನಂತರ ಮೆಕ್ಸಿಕೋದ ರಾಷ್ಟ್ರೀಯ ಪುರಾತತ್ವ ಸಂಸ್ಥೆ ದೊಡ್ಡ ಮಟ್ಟದಲ್ಲಿ ಅಗೆಯಿತು. 1960ರ ದಶಕದಲ್ಲಿ ಅರ್ತೂರೋ ರೊಮಾನೋ ಅವರ ತಂಡ ಇನ್ನೂ 200ಕ್ಕೂ ಹೆಚ್ಚು ಸಮಾಧಿಗಳನ್ನು ತೆಗೆಯಿತು. ಎಲ್ಲ ಸೇರಿ 400ಕ್ಕೂ ಹೆಚ್ಚು ಸಮಾಧಿಗಳು ದಾಖಲೆಯಲ್ಲಿವೆ.

ಸಮಾಧಿ ತೆಗೆಯುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಆಗ ಮುಂದಿನದು ಸುಲಭ. ಮೊದಲು ಕಾಣುವುದು ಮೂಳೆ ಅಲ್ಲ, ಮಣ್ಣಿನ ಬಣ್ಣ. ಒಮ್ಮೆ ಗುಂಡಿ ತೋಡಿ ಮುಚ್ಚಿದ ಮಣ್ಣು ಸುತ್ತಲಿನ ಗಟ್ಟಿ ಮಣ್ಣಿನ ಹಾಗೆ ಇರುವುದಿಲ್ಲ. ಸ್ವಲ್ಪ ಸಡಿಲ, ಬಣ್ಣವೂ ಬೇರೆ. ಆ ಅಂಚು ಕಂಡ ಕೂಡಲೇ ಗುದ್ದಲಿ ಪಕ್ಕಕ್ಕೆ ಹೋಗುತ್ತದೆ, ಕರಣೆ, ಬ್ರಷ್, ಬಿದಿರಿನ ಕಡ್ಡಿ ಕೈಗೆ ಬರುತ್ತವೆ. ಕಬ್ಬಿಣ ತಗುಲಿದರೆ ಹಳೆಯ ಮೂಳೆಗೆ ಗೀರು ಬೀಳುತ್ತದೆ, ಅದಕ್ಕೇ ಬಿದಿರು. ಏನೂ ಅಲುಗಾಡಿಸದೆ ಮೂಳೆ, ಮಡಕೆ ಎಲ್ಲ ಬಿಡಿಸಿ, ಫೋಟೋ ತೆಗೆದು, ಅಳತೆ ಹಾಕಿ ನಕ್ಷೆ ಬರೆದ ಮೇಲೆಯೇ ಒಂದೊಂದಾಗಿ ಎತ್ತುವುದು. ಮಡಕೆಯೊಳಗಿನ ಮಣ್ಣನ್ನು ಅಲ್ಲೇ ಸುರಿಯುವುದಿಲ್ಲ, ಹಾಗೇ ಕಟ್ಟಿ ತರುತ್ತಾರೆ. ಬೀಜ, ಮೀನಿನ ಮುಳ್ಳು ಅದರಲ್ಲಿರಬಹುದು. ಇವತ್ತಿನ ಉತ್ಖನನಗಳಲ್ಲಿ ಕೆಲವು ಮಡಕೆಗಳನ್ನು ತೊಳೆಯುವುದೂ ಇಲ್ಲ. ಒಳಗೋಡೆಗೆ ಹೀರಿಕೊಂಡ ಆಹಾರದ ಅಂಶವನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಬಹುದು. ಗ್ವಾಟೆಮಾಲಾದ ರಿಯೋ ಅಸುಲ್ ಅನ್ನುವ ಮಾಯಾ ಊರಿನಲ್ಲಿ 1984ರಲ್ಲಿ ಒಂದು ಸಮಾಧಿಯಿಂದ ಮುಚ್ಚಳವಿದ್ದ ಮಡಕೆ ಸಿಕ್ಕಿತು. ಅದರೊಳಗಿನ ಪುಡಿಯನ್ನು ಹರ್ಷೀಸ್ ಚಾಕೊಲೇಟ್ ಕಂಪನಿಯ ಲ್ಯಾಬ್ ಪರೀಕ್ಷಿಸಿ ಕೋಕೋ ಅಂತ ಖಚಿತಪಡಿಸಿತು. ಇದರಲ್ಲಿ ಊಹೆ ಎಲ್ಲಿದೆ ಹೇಳಿ?

ಈಗ ತ್ಲಾತಿಲ್ಕೋದ 154ನೇ ಸಮಾಧಿಗೆ ಬರೋಣ. ಒಬ್ಬ ವಯಸ್ಕ ಗಂಡಸು. ಅವನ ಜೊತೆ ಇಟ್ಟ ವಸ್ತುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ದೊಂಬರಾಟದವನ ರೂಪದ ಮಣ್ಣಿನ ಪಾತ್ರೆ. ಹೊಟ್ಟೆಯ ಮೇಲೆ ಮಲಗಿ, ಗಲ್ಲಕ್ಕೆ ಕೈ ಕೊಟ್ಟು, ಕಾಲುಗಳನ್ನು ಬೆನ್ನಿನ ಮೇಲಿಂದ ಬಗ್ಗಿಸಿ ಪಾದಗಳನ್ನು ತಲೆಗೆ ತಾಗಿಸಿದ್ದಾನೆ. ಒಳಗೆ ಟೊಳ್ಳು. ಮೆಕ್ಸಿಕೋ ಸಿಟಿಯ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ಅದನ್ನು ಕಂಡಾಗ ನನಗೆ ಅಲ್ಲಿಂದ ಕದಲಲು ಆಗಲಿಲ್ಲ. ಯಾವ ತಿಗರಿಯೂ ಇಲ್ಲದೆ, ಬರೀ ಕೈಯಲ್ಲಿ ಮಾಡಿದ್ದು ಅದು. ಮೆಸೋಅಮೆರಿಕದಲ್ಲಿ, ಅಂದರೆ ಹಿಂದಿನ ಕಾಲದ ಮೆಕ್ಸಿಕೋ ಮತ್ತು ಅದರ ದಕ್ಷಿಣದ ನೆರೆ ನಾಡುಗಳಲ್ಲಿ, ಕುಂಬಾರನ ತಿಗರಿ ಇರಲೇ ಇಲ್ಲ.

ಆದರೆ ಈ ಪಾತ್ರೆಯೊಂದೇ ಅಂಗಡಿಯಲ್ಲಿ ಸಿಕ್ಕಿದ್ದರೆ ಏನು ಹೇಳಬಹುದಿತ್ತು? ಆ ಕಾಲದಲ್ಲಿ ಹೀಗೆ ಮೈ ಬಗ್ಗಿಸುವವರು ಇದ್ದಿರಬೇಕು, ಮಾಡಿದವರ ಕೈ ಬಲು ಚೆನ್ನಾಗಿದೆ. ಅಷ್ಟೇ. ಸಮಾಧಿಯಲ್ಲಿ ಅದರ ಜೊತೆಗೆ ಇದ್ದದ್ದು ಮಣ್ಣಿನಲ್ಲಿ ಮಾಡಿದ ಅಣಬೆಗಳು, ಅರೆಯುವ ಪುಟ್ಟ ಕಲ್ಲುಗಳು, ಸ್ಫಟಿಕದ ಚೂರುಗಳು, ಗ್ರಾಫೈಟ್. ಇವೆಲ್ಲ ಒಬ್ಬನೇ ಮನುಷ್ಯನ ಸುತ್ತ ಸಿಕ್ಕಿದ್ದರಿಂದಲೇ ಇವನು ಮದ್ದು ಕೊಡುವವನೋ, ಮೈಮೇಲೆ ದೇವರು ಬರುತ್ತಿದ್ದವನೋ ಆಗಿರಬಹುದು ಅಂತ ಸಂಶೋಧಕರು ಹೇಳುತ್ತಾರೆ. ಇಲ್ಲಿ ಗೆರೆ ಸ್ಪಷ್ಟವಾಗಿ ಎಳೆಯುತ್ತೇನೆ. ವಸ್ತುಗಳ ಪಟ್ಟಿ, ಅವು ಇದ್ದ ಜಾಗ, ಗಂಡಸು, ವಯಸ್ಕ ಅನ್ನುವುದು ಸತ್ಯ. ವೈದ್ಯ ಅನ್ನುವುದು ಆ ಸತ್ಯಗಳ ಮೇಲೆ ಕಟ್ಟಿದ ಊಹೆ. ಒಳ್ಳೆಯ ಊಹೆ, ಆದರೂ ಊಹೆಯೇ. ಒಳ್ಳೆಯ ವರದಿಗಳಲ್ಲಿ ಇವೆರಡನ್ನು ಬೇರೆ ಬೇರೆ ಕಡೆ ಬರೆದಿರುತ್ತಾರೆ. ವಿಡಿಯೋಗಳಲ್ಲಿ ಬೆರೆಸಿಬಿಡುತ್ತಾರೆ, ನಿಮಗೆ ಅನುಮಾನ ಬಂದದ್ದು ಅದಕ್ಕೇ ಇರಬೇಕು.

ಎರಡು ಮುಖದ ಗೊಂಬೆಗಳ ಕಷ್ಟವೂ ಇದೇ. ಮಧ್ಯದಲ್ಲಿ ಒಂದು ಕಣ್ಣನ್ನು ಹಂಚಿಕೊಂಡ ಎರಡು ಮುಖಗಳು. ಹಾಗೆ ಹುಟ್ಟಿದ ನಿಜವಾದ ಮಕ್ಕಳನ್ನು ನೋಡಿಯೇ ಮಾಡಿರಬೇಕು ಅಂತ ಅಮೆರಿಕದ ವೈದ್ಯರೊಬ್ಬರು 2000ದಲ್ಲಿ ವಾದ ಮಂಡಿಸಿದರು. ಅಂಥ ಹುಟ್ಟು ಬಲು ಅಪರೂಪಕ್ಕೆ ಇದ್ದೇ ಇದೆ, ಆದ್ದರಿಂದ ವಾದವನ್ನು ತಳ್ಳಿಹಾಕುವಂತಿಲ್ಲ. ಹಗಲು-ರಾತ್ರಿ, ಸಾವು-ಬದುಕು ಅನ್ನುವ ಜೋಡಿಯ ಕಲ್ಪನೆ ಅನ್ನುವವರೂ ಇದ್ದಾರೆ. ಅದಕ್ಕೂ ಆಧಾರ ಇದೆ: ತ್ಲಾತಿಲ್ಕೋದ್ದೇ ಒಂದು ಮಣ್ಣಿನ ಮುಖವಾಡದಲ್ಲಿ ಅರ್ಧ ಜೀವಂತ ಮುಖ, ಅರ್ಧ ಬುರುಡೆ. ಯಾವುದು ಸರಿ? ಇಂಥ ಗೊಂಬೆಗಳಲ್ಲಿ ಬಹಳಷ್ಟು ಸಂಗ್ರಹಕಾರರ ವ್ಯಾಪಾರದ ಮೂಲಕವೇ ಬಂದಂಥವು. ಯಾರ ಸಮಾಧಿಯಲ್ಲಿ, ಯಾವುದರ ಪಕ್ಕ ಇದ್ದವು ಅಂತ ದಾಖಲೆ ಇದ್ದಿದ್ದರೆ ಎರಡು ವಾದಗಳನ್ನೂ ಒರೆಗೆ ಹಚ್ಚಬಹುದಿತ್ತು. ಇದು ನನಗೆ ತುಂಬಾ ಬೇಜಾರು ತರಿಸುವ ಸಂಗತಿ.

ದಾಖಲೆ ಇದ್ದರೆ ತಪ್ಪು ತೀರ್ಮಾನವನ್ನೂ ಆಮೇಲೆ ತಿದ್ದಬಹುದು. ತ್ಲಾತಿಲ್ಕೋವನ್ನು ಮೊದಲು ಸ್ಮಶಾನ ಅಂದುಕೊಂಡಿದ್ದರು. ಇಷ್ಟೊಂದು ಹೆಣ, ಮನೆ ಒಂದೂ ಕಾಣುವುದಿಲ್ಲ, ಇನ್ನೇನು ಅಂದುಕೊಳ್ಳಬೇಕು? ಆದರೆ ಅಲ್ಲಿ ಗಂಟೆಯಾಕಾರದ ಗುಂಡಿಗಳೂ ಇದ್ದವು. ಮೇಲೆ ಬಾಯಿ ಕಿರಿದು, ತಳ ಅಗಲ. ಅವುಗಳಲ್ಲಿ ಇದ್ದಿಲು, ಒಡೆದ ಮಡಕೆ, ಪ್ರಾಣಿಗಳ ಮೂಳೆ, ಗೋಡೆಗೆ ಮೆತ್ತುವ ಮಣ್ಣಿನ ಹೆಂಟೆಗಳು. ಸ್ಮಶಾನದಲ್ಲಿ ಯಾರೂ ಅಡುಗೆ ಕಸ ಸುರಿಯುವುದಿಲ್ಲ ಅಲ್ವಾ? ಸಮಾಧಿಗಳ ನಕ್ಷೆಯನ್ನು ಮತ್ತೆ ನೋಡಿದಾಗ ಅವು ಗುಂಪು ಗುಂಪಾಗಿ ಕೂಡಿಕೊಂಡಿದ್ದವು. ಜನ ಸತ್ತವರನ್ನು ತಮ್ಮ ಮನೆಯ ನೆಲದ ಕೆಳಗೆ, ಇಲ್ಲವೇ ಅಂಗಳದಲ್ಲಿ ಹೂಳುತ್ತಿದ್ದರು. ತಡಿಕೆ ಮಣ್ಣಿನ ಗೋಡೆಗಳು ಕರಗಿಹೋಗಿದ್ದವು, ಉಳಿದದ್ದನ್ನು ಇಟ್ಟಿಗೆ ಮಣ್ಣಿಗಾಗಿ ಕೆರೆದಿದ್ದರು. ಮನೆಗಳು ಹೋಗಿ ಕೆಳಗಿನ ಸಮಾಧಿಗಳಷ್ಟೇ ನಿಂತಿದ್ದವು.

ಇದು ಗೊತ್ತಾದ ಮೇಲೆ ಒಂದೊಂದು ಗುಂಪನ್ನು ಒಂದೊಂದು ಮನೆತನ ಅಂತ ಓದಬಹುದು. ಅಮೆರಿಕದ ಪುರಾತತ್ವಜ್ಞೆ ರೋಸ್‌ಮೇರಿ ಜಾಯ್ಸ್ ಹಾಗೇ ಓದಿದರು. ಸಮಾಧಿಯಲ್ಲಿ ಏನಿಟ್ಟರು ಅನ್ನುವುದರಲ್ಲಿ ಗಂಡು-ಹೆಣ್ಣು ಅನ್ನುವುದಕ್ಕಿಂತ ಯಾವ ಗುಂಪಿನವರು, ಎಷ್ಟು ವಯಸ್ಸಿನವರು ಅನ್ನುವ ವ್ಯತ್ಯಾಸ ಎದ್ದು ಕಾಣುತ್ತದೆ ಅಂತ ತೋರಿಸಿದರು. ಅಗೆದು ಎಷ್ಟೋ ವರ್ಷ ಆದ ಮೇಲೆ, ಹಳೆಯ ನಕ್ಷೆ ಮತ್ತು ಪಟ್ಟಿಗಳಿಂದ ಬಂದ ಹೊಸ ತಿಳಿವಳಿಕೆ ಇದು.

ಇನ್ನು ಮಡಕೆಗಳು. ಬಾತುಕೋಳಿ, ಮೀನು, ನಾಯಿ ರೂಪದ ಪಾತ್ರೆಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ನನಗೆ ಇಷ್ಟ ಆಗುವುದು ಮೈ ಕಪ್ಪು, ಬಾಯಂಚು ಮಾತ್ರ ಬಿಳಿ ಇರುವ ಬಟ್ಟಲುಗಳು. ಇದು ಬಣ್ಣ ಬಳಿದದ್ದಲ್ಲ, ಸುಡುವಾಗಿನ ಜಾಣತನ. ಮಡಕೆಯ ಮೈಗೆ ಗಾಳಿ ಆಡದಂತೆ ಮಾಡಿದರೆ ಅದು ಕಪ್ಪಾಗುತ್ತದೆ, ಅಂಚಿಗೆ ಗಾಳಿ ಬಿಟ್ಟರೆ ಅಲ್ಲಿ ತಿಳಿ ಬಣ್ಣ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬೃಹತ್‌ಶಿಲಾ ಸಮಾಧಿಗಳಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳಲ್ಲೂ ಗಾಳಿ ತಡೆದು ಬಣ್ಣ ತರುವ ಇದೇ ಉಪಾಯ ಇದೆ. ದಯವಿಟ್ಟು ಇದನ್ನು ಓದಿ "ನಮ್ಮವರೇ ಮೆಕ್ಸಿಕೋಗೆ ಹೋಗಿ ಕಲಿಸಿದರು" ಅಂತ ಫಾರ್ವರ್ಡ್ ಮಾಡಬೇಡಿ. ಮಣ್ಣು, ಬೆಂಕಿ, ಗಾಳಿ ಎಲ್ಲ ಕಡೆ ಒಂದೇ ಥರ ನಡೆದುಕೊಳ್ಳುತ್ತವೆ. ಗಮನ ಇಟ್ಟ ಕುಂಬಾರರು ಎಲ್ಲಿದ್ದರೂ ಅದನ್ನು ಕಂಡುಕೊಳ್ಳುತ್ತಾರೆ.

ನೋಡಲು ಒಂದೇ ಥರ ಇದೆ ಅಂದಮಾತ್ರಕ್ಕೆ ಸಂಬಂಧ ಇದೆ ಅನ್ನುವಂತಿಲ್ಲ. ತ್ಲಾತಿಲ್ಕೋದ ದೊಡ್ಡ ಜಗಳವೂ ಇದರ ಮೇಲೆಯೇ. ಅಲ್ಲಿನ ಕೆಲವು ಮಡಕೆಗಳ ಮೇಲೆ ಓಲ್ಮೆಕ್ ಅನ್ನುವ, ಅದೇ ಕಾಲದ ಇನ್ನೊಂದು ಜನರ ಶೈಲಿಯ ಗೀರುಚಿತ್ರಗಳಿವೆ. ಓಲ್ಮೆಕರ ದೊಡ್ಡ ಊರು ಸಾನ್ ಲೊರೆಂಜೋ ಇದ್ದದ್ದು ದೂರದ ಮೆಕ್ಸಿಕೋ ಕೊಲ್ಲಿಯ ಕಡೆ. ಅಲ್ಲಿಂದ ಜನ ಬಂದರೇ, ಮಡಕೆ ಬಂದವೇ, ಬರೀ ಚಿತ್ರದ ಮಾದರಿ ಬಂತೇ? ಕೊವಾರುಬಿಯಾಸ್ ಓಲ್ಮೆಕರೇ ಇಡೀ ಪ್ರದೇಶಕ್ಕೆ ತಾಯಿ ಅನ್ನುತ್ತಿದ್ದರು. 2005ರಲ್ಲಿ ಒಂದು ತಂಡ ಮೆಸೋಅಮೆರಿಕದ ಹಲವು ಊರುಗಳ 725 ಮಡಕೆ ಮಾದರಿಗಳನ್ನು ನ್ಯೂಟ್ರಾನ್ ಪರೀಕ್ಷೆಗೆ ಒಡ್ಡಿತು, ಅಂದರೆ ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯುವ ರಾಸಾಯನಿಕ ಪರೀಕ್ಷೆ. ಸಾನ್ ಲೊರೆಂಜೋದ ಮಡಕೆಗಳು ಬೇರೆ ಊರುಗಳಿಗೆ ಹೋಗಿವೆ, ಬೇರೆ ಊರಿನವು ಅಲ್ಲಿಗೆ ಬಂದಿಲ್ಲ ಅಂದಿತು. ಅದೇ ವರ್ಷ ಇನ್ನೊಂದು ತಂಡ ಚೂರುಗಳನ್ನು ತೆಳ್ಳಗೆ ಕೊಯ್ದು, ಮಣ್ಣಿನೊಳಗಿನ ಕಲ್ಲಿನ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಲ್ಲ, ಎರಡೂ ಕಡೆಯಿಂದ ಹೋಗಿ ಬಂದಿವೆ ಅಂದಿತು. ನನಗೆ ಎರಡನೆಯವರ ವಾದ ಹೆಚ್ಚು ಒಪ್ಪಿಗೆಯಾಗುತ್ತದೆ. ಯಾಕೆಂದರೆ ಮಡಕೆಯ ಮಣ್ಣಿಗೆ ಕುಂಬಾರರು ಸೇರಿಸುವ ಮರಳು, ಕಲ್ಲಿನ ಪುಡಿ ರಾಸಾಯನಿಕ ಲೆಕ್ಕವನ್ನು ಏರುಪೇರು ಮಾಡಬಲ್ಲದು. ಹರಳನ್ನು ಕಣ್ಣಲ್ಲೇ ನೋಡಿದರೆ ಅದು ಯಾವ ಬಂಡೆಯದು ಅಂತ ನೇರವಾಗಿ ಹೇಳಬಹುದು. ನನ್ನ ಜೊತೆ ಕೆಲಸ ಮಾಡುವವರಲ್ಲೇ ಇದನ್ನು ಒಪ್ಪದವರಿದ್ದಾರೆ.

ಜನ ಬಂದರೋ, ಮಡಕೆ ಬಂತೋ ಅನ್ನುವ ಪ್ರಶ್ನೆಗೆ ಚೆನ್ನಾಗಿ ಉತ್ತರ ಸಿಕ್ಕ ಕಡೆಯೂ ಒಂದಿದೆ. ತ್ಲಾತಿಲ್ಕೋಗಿಂತ ಒಂದು ಸಾವಿರ ವರ್ಷಕ್ಕೂ ಈಚಿನ ತೆಯೋತಿಹುವಾಕಾನ್ ನಗರ. ಅದರ ಪಶ್ಚಿಮದ ಅಂಚಿನಲ್ಲಿ ಒಂದು ಕೇರಿ ಇತ್ತು. ಅಲ್ಲಿನ ಸಮಾಧಿಗಳು ದಕ್ಷಿಣದ ಓಹಾಕಾ ಕಡೆಯ ಜಪೋತೆಕರ ರೀತಿಯವು. ಮಡಕೆಗಳ ಆಕಾರವೂ ಓಹಾಕಾದ್ದೇ, ಆದರೆ ಬಹಳಷ್ಟರ ಮಣ್ಣು ತೆಯೋತಿಹುವಾಕಾನಿನದು. ಅಂದರೆ ಮಡಕೆ ಪ್ರಯಾಣ ಮಾಡಿಲ್ಲ, ಮಾಡುವ ಕೈ ಮಾಡಿದೆ. ಆಮೇಲೆ ಹಲ್ಲು ಮತ್ತು ಮೂಳೆಗಳಲ್ಲಿರುವ ಆಮ್ಲಜನಕದ ಐಸೊಟೋಪ್‌ಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದರು. ಬಾಲ್ಯದಲ್ಲಿ ಕುಡಿದ ನೀರಿನ ಗುರುತು ಹಲ್ಲಿನಲ್ಲಿ ಸಾಯುವವರೆಗೂ ಉಳಿಯುತ್ತದೆ. ಕೆಲವರು ಹೊರಗಿನಿಂದ ಬಂದವರು, ಕೆಲವರು ಅಲ್ಲೇ ಹುಟ್ಟಿದವರು. ಇನ್ನು ಕೆಲವರು ಚಿಕ್ಕವರಿದ್ದಾಗ ಬೇರೆ ಕಡೆ ಇದ್ದು ವಾಪಸ್ ಬಂದವರು, ಬಹುಶಃ ತಾಯಿಯ ಜೊತೆ. ಈ "ಬಹುಶಃ ತಾಯಿಯ ಜೊತೆ" ಅನ್ನುವುದು ಊಹೆ. ಉಳಿದದ್ದು ಅಳೆದು ನೋಡಿದ್ದು.